ಹಳೆಯ ಲೆಕ್ಕ, ಹೊಸ ಖಾತೆ

ಕಳೆದ ದೀಪಾವಳಿಯ ರಜೆಯಲ್ಲಿ ಛತ್ರಪತಿ ಸಂಭಾಜಿನಗರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ವಾಳೂಜಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗದ ನೌಕರ. ಹಬ್ಬದ ದಿನವೂ ಅವನಿಗೆ ಬಿಡುವಿಲ್ಲ. ಎಣ್ಣೆನೀರು ಮುಗಿಸಿದವನೇ ಯಂತ್ರದ ಮುಂದೆ ಕುಳಿತುಬಿಟ್ಟ. "ಅಂಥ ಕೆಲಸ ಏನಪ್ಪಾ?" ಎಂದು ಕೇಳಿದೆ. "ಮಾವ, ಹಳೇ ಸಿಸ್ಟಮ್ಮಿನಲ್ಲಿರೋ ಮಾಡೆಲ್‌ಗಳನ್ನೆಲ್ಲ ಹೊಸದಕ್ಕೆ ಸಾಗಿಸ್ತಾ ಇದೀವಿ. ಸಾಮಾನು ಸಾಗಿಸೋದು ಸುಲಭ, ಸಂಸಾರ ಸಾಗಿಸೋದೇ ಕಷ್ಟ" ಎಂದು ನಕ್ಕ.

ಅವನು ವಿವರಿಸಿದ್ದು ಇಷ್ಟು. ಒಂದೇ ವಾಹನವನ್ನು ಹತ್ತು ಬಣ್ಣದಲ್ಲಿ, ನಾಲ್ಕು ಬಗೆಯ ಚಕ್ರದಲ್ಲಿ, ಎರಡು ಬಗೆಯ ಬ್ರೇಕಿನಲ್ಲಿ ಕೊಡಬಹುದು. ಯಾವುದರ ಜೊತೆಗೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ನಿಯಮಗಳ ಕಟ್ಟನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟಿರುತ್ತಾರೆ. 1972ರಲ್ಲಿ ಹುಟ್ಟಿದ ಎಸ್‌ಎಪಿ ಎಂಬ ಜರ್ಮನ್ ಕಂಪನಿಯ ತಂತ್ರಾಂಶದಲ್ಲಿ ಜಗತ್ತಿನ ಎಷ್ಟೋ ಕಾರ್ಖಾನೆಗಳು ಈ ಕಟ್ಟನ್ನು ಇಟ್ಟುಕೊಂಡಿವೆ. ಅದೇ ಕಂಪನಿ 2015ರಲ್ಲಿ ಎಸ್/4 ಹಾನಾ ಎಂಬ ಹೊಸ ವ್ಯವಸ್ಥೆಯನ್ನು ತಂದಿತು. ಹೊಸದರ ಸುಧಾರಿತ ಭಾಗದಲ್ಲಿ ಹಳೆಯ ನಿಯಮಗಳೆಲ್ಲ ಹಾಗೆಯೇ ನಡೆಯುವುದಿಲ್ಲ. ಉದಾಹರಣೆಗೆ, ಹಳೆಯದರಲ್ಲಿ 'ಆಕ್ಷನ್' ಎಂಬ ಒಂದು ಬಗೆಯ ನಿಯಮವಿತ್ತು. ಹೊಸದು ಅದನ್ನು ಒಪ್ಪುವುದಿಲ್ಲ. 'ಪ್ರೊಸೀಜರ್' ಅಥವಾ 'ಕನ್‌ಸ್ಟ್ರೇಂಟ್' ರೂಪದಲ್ಲಿ ಮತ್ತೆ ಬರೆಯಬೇಕು. "ಬರೆಯೋದು ದೊಡ್ಡದಲ್ಲ ಮಾವ. ಈ ನಿಯಮ ಯಾಕಿತ್ತು ಅಂತ ಹೇಳೋರೇ ಇಲ್ಲ. ಬರೆದವರು ರಿಟೈರಾಗಿ ಹೋಗಿದಾರೆ" ಎಂದ.

ನಾನು ಬಿ.ಎಸ್‌ಸಿ. ಓದಿ ಕೇಂದ್ರ ಸರ್ಕಾರದ ಗುಮಾಸ್ತನಾದವನು. ತಂತ್ರಾಂಶದ ಒಳಗುಟ್ಟು ನನಗೆ ತಿಳಿಯದು. ಆದರೆ ಆ ಕೊನೆಯ ಮಾತು ಮನಸ್ಸಿಗೆ ನಾಟಿತು. ಏಕೆಂದರೆ ಅವನು ಕುಳಿತಿದ್ದ ಊರಿನಲ್ಲೇ ಸುಮಾರು ಮುನ್ನೂರ ಎಪ್ಪತ್ತು ವರ್ಷಗಳ ಹಿಂದೆ ಇಂಥದೇ ಒಂದು ಸಾಗಾಟ ನಡೆದಿತ್ತು.

ಈ ಊರಿನ ಮೊದಲ ಹೆಸರು ಖಡ್ಕಿ. ಆಫ್ರಿಕಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ನಿಜಾಮಶಾಹಿಯ ಸೂತ್ರವನ್ನೇ ಹಿಡಿದ ಮಲಿಕ್ ಅಂಬರ್ 1610ರಲ್ಲಿ ಇಲ್ಲಿ ನಗರ ಕಟ್ಟಿಸಿದ. ಅವನು ತಂದ ಕಾಲುವೆಯ ಮಾತು ಎಲ್ಲರಿಗೂ ಗೊತ್ತು. ಅವನ ಕಂದಾಯದ ಮಾತು ಅಷ್ಟಾಗಿ ಗೊತ್ತಿಲ್ಲ. ಅದುವರೆಗೆ ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಹಿಡಿದ ಗುತ್ತಿಗೆದಾರ ರೈತನನ್ನು ಹಿಂಡುತ್ತಿದ್ದ. ಮಲಿಕ್ ಅಂಬರ್ ಅದನ್ನು ನಿಲ್ಲಿಸಿ, ಹೊಲದ ಇಳುವರಿಯನ್ನು ನೋಡಿ ಸರ್ಕಾರದ ಪಾಲನ್ನು ಗೊತ್ತುಮಾಡಿ, ಮುಂದೆ ಆ ಪಾಲನ್ನು ನಗದಾಗಿ ಮಾರ್ಪಡಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. 1626ರಲ್ಲಿ ಅವನು ತೀರಿಕೊಂಡ. ಆಮೇಲೆ ಯುದ್ಧಗಳು, 1630ರಿಂದ 1632ರವರೆಗಿನ ಭೀಕರ ಬರಗಾಲ, ನಿಜಾಮಶಾಹಿಯ ಪತನ. ಹಳ್ಳಿಗಳು ಬರಿದಾದವು.

1653ರಲ್ಲಿ ಔರಂಗಜೇಬ ಎರಡನೆಯ ಸಲ ದಖನ್ನಿನ ಸುಬೇದಾರನಾಗಿ ಬಂದಾಗ ಖಜಾನೆಗೆ ಬರುತ್ತಿದ್ದುದು ಅಷ್ಟಕ್ಕಷ್ಟೆ. ಊರಿಗೆ ಔರಂಗಾಬಾದ್ ಎಂಬ ಹೆಸರು ಬಂದುದೂ ಆಗಲೇ. (2023ರಲ್ಲಿ ಅದು ಛತ್ರಪತಿ ಸಂಭಾಜಿನಗರವಾಯಿತು.) ಅವನ ದಿವಾನ ಮುರ್ಷಿದ್ ಕುಲಿ ಖಾನ್, ಖುರಾಸಾನಿನವನು. ಉತ್ತರದಲ್ಲಿ ಅಕ್ಬರನ ಕಾಲದಲ್ಲಿ ರಾಜಾ ತೋದರಮಲ್ಲ ರೂಪಿಸಿದ ಭೂಮಾಪನದ ಪದ್ಧತಿಯನ್ನು ದಖನ್ನಿಗೆ ತರುವ ಕೆಲಸ ಇವನ ಪಾಲಿಗೆ ಬಂತು. ಇಂದಿನ ಮಾತಿನಲ್ಲಿ ಹೇಳಬೇಕಾದರೆ, ಹೆಡ್ ಆಫೀಸಿನಲ್ಲಿ ಗೆದ್ದ ವ್ಯವಸ್ಥೆಯನ್ನು ಬ್ರಾಂಚ್ ಆಫೀಸಿಗೆ ಇಳಿಸಬೇಕಾಗಿತ್ತು.

ಅವನು ಹೇಗೆ ಮಾಡಿದ ಎಂಬುದನ್ನು ಜದುನಾಥ ಸರ್ಕಾರರು ತಮ್ಮ ಔರಂಗಜೇಬನ ಇತಿಹಾಸದಲ್ಲಿ ವಿವರಿಸಿದ್ದಾರೆ. ಒಂದೇ ಅಚ್ಚನ್ನು ಎಲ್ಲ ಕಡೆ ಒತ್ತಲಿಲ್ಲ. ಹಿಂದುಳಿದ ಸೀಮೆಗಳಲ್ಲಿ ನೇಗಿಲಿಗೆ ಇಷ್ಟು ಎಂಬ ಹಳೆಯ ಲೆಕ್ಕವನ್ನೇ ಉಳಿಸಿದ. ಕೆಲವು ಕಡೆ ಬೆಳೆಯ ಪಾಲು: ಮಳೆಯ ಬೆಳೆಗೆ ಅರ್ಧ, ಬಾವಿ ನೀರಿನ ಬೆಳೆಗೆ ಮೂರರಲ್ಲಿ ಒಂದು, ಕಬ್ಬು ದ್ರಾಕ್ಷಿಗಳಂಥ ಖರ್ಚಿನ ಬೆಳೆಗೆ ಇನ್ನೂ ಕಡಿಮೆ. ಮಿಕ್ಕ ಕಡೆ ಅಳತೆ ಮಾಡಿ ದರ. ರೈತರಿಗೆ ಎತ್ತು, ಬೀಜಕ್ಕಾಗಿ ಮುಂಗಡ ಸಾಲ ಕೊಡಿಸಿದ. ಅಳತೆಯಲ್ಲಿ ಮೋಸವಾಗಬಾರದೆಂದು ದಿವಾನನೇ ಹಗ್ಗದ ಒಂದು ತುದಿಯನ್ನು ಹಿಡಿದು ಹೊಲದಲ್ಲಿ ನಿಲ್ಲುತ್ತಿದ್ದನಂತೆ. 1658ರಲ್ಲಿ ಧರ್ಮತ್ ಕಾಳಗದಲ್ಲಿ ಅವನು ಮಡಿದ. ದೊರೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಹಗ್ಗ ಹಿಡಿದ ಈ ದಿವಾನನನ್ನು ಗುಮಾಸ್ತನಾದ ನಾನು ಗೌರವದಿಂದ ನೆನೆಯುತ್ತೇನೆ.

ಹಬ್ಬ ಮುಗಿಸಿಕೊಂಡು ಮುಂಬಯಿಗೆ ಹಿಂತಿರುಗುವಾಗ ರೈಲು ಮನ್ಮಾಡ್ ದಾಟಿ ನಾಸಿಕ್ ರೋಡ್ ನಿಲ್ದಾಣದಲ್ಲಿ ನಿಂತಿತು. ಇಲ್ಲಿಯೂ ಅದೇ ಕಥೆಯ ಇನ್ನೊಂದು ಅಧ್ಯಾಯವಿದೆ. 1855ರಿಂದ ನಮ್ಮ ದೇಶದ ಅಂಚೆಚೀಟಿಗಳು ಲಂಡನ್ನಿನ ಡೆ ಲಾ ರೂ ಕಂಪನಿಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1925ರಲ್ಲಿ ನಾಸಿಕ್ ರೋಡಿನಲ್ಲಿ ಸೆಕ್ಯೂರಿಟಿ ಪ್ರೆಸ್ ಸ್ಥಾಪನೆಯಾಯಿತು. 1928ರಲ್ಲಿ ಪಕ್ಕದಲ್ಲೇ ನೋಟಿನ ಮುದ್ರಣಾಲಯವೂ ಬಂತು. 1926ರಿಂದ ಹೊರಬಂದ ನಾಸಿಕದ ಚೀಟಿಗಳಲ್ಲಿ ಐದನೆಯ ಜಾರ್ಜ್ ದೊರೆಯ ಅದೇ ಮುಖ, ಅದೇ ಬೆಲೆ. ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ವ್ಯತ್ಯಾಸ: ಒಂದು ನಕ್ಷತ್ರದ ನೀರುಗುರುತಿನ ಬದಲು ಕಾಗದದ ತುಂಬ ನಕ್ಷತ್ರಗಳು. ಕಾರ್ಡು ಬರೆಯುವವನಿಗೆ ಏನೂ ತಿಳಿಯದಂತೆ ಕಾರ್ಖಾನೆಯೇ ಸಮುದ್ರ ದಾಟಿ ಬಂದಿತ್ತು!

ಆದರೆ 1957ರ ಏಪ್ರಿಲ್ 1ರ ಬದಲಾವಣೆಯನ್ನು ಹಾಗೆ ಮರೆಮಾಡುವಂತಿರಲಿಲ್ಲ. 1955ರಲ್ಲಿ ತಿದ್ದುಪಡಿಯಾದ ನಾಣ್ಯ ಕಾಯಿದೆಯಂತೆ ಅಂದಿನಿಂದ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ನಯಾ ಪೈಸೆ ಬಂತು. ಅದೇ ದಿನ ಭಾರತದ ಭೂಪಟವುಳ್ಳ ಹೊಸ ಅಂಚೆಚೀಟಿಗಳು ನಾಸಿಕದಿಂದ ಕೌಂಟರಿಗೆ ಬಂದವು. ರೂಪಾಯಿ ರೂಪಾಯಿಯಾಗಿಯೇ ಉಳಿಯಿತು, ತೊಂದರೆಯೆಲ್ಲ ಚಿಲ್ಲರೆಯಲ್ಲಿ. ಒಂದು ಆಣೆ ಎಂದರೆ 6.25 ನಯಾ ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು? ಆದ್ದರಿಂದ ಸರ್ಕಾರ ಒಂದು ಪಟ್ಟಿ ಮಾಡಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25.

ಓದುಗರು ಒಂದು ನಿಮಿಷ ಈ ಪಟ್ಟಿಯನ್ನು ನೋಡಬೇಕು. ನಾಲ್ಕಾಣೆಯನ್ನು ಒಟ್ಟಿಗೆ ಕೊಟ್ಟವನಿಗೆ 25 ಸಿಕ್ಕಿತು. ಒಂದೊಂದೇ ಆಣೆಯನ್ನು ನಾಲ್ಕು ಸಲ ಕೊಟ್ಟವನಿಗೆ 24. ಇಡೀ ರೂಪಾಯಿಯನ್ನು ಹೀಗೆ ಆಣೆ ಆಣೆಯಾಗಿ ಖರ್ಚು ಮಾಡಿದವನಿಗೆ 96. ಉಪ್ಪು, ಬೆಂಕಿಪೆಟ್ಟಿಗೆ, ಬೀಡಿ ಎಂದು ಆಣೆ ಲೆಕ್ಕದಲ್ಲಿ ಕೊಳ್ಳುತ್ತಿದ್ದವರು ಯಾರು? ದಿನಗೂಲಿಯವರು. ಅಂಚೆಯಲ್ಲಿ ಲೆಕ್ಕ ಮೇಲಕ್ಕೇ ಹೋಯಿತು: ಮುಕ್ಕಾಲಾಣೆಯ ಕಾರ್ಡಿಗೆ ಸರಿಯಾದ ಲೆಕ್ಕ 4.69, ಬೆಲೆ ನಿಂತದ್ದು 5ಕ್ಕೆ. ಎರಡಾಣೆಯ ಕಾಗದಕ್ಕೆ ಹನ್ನೆರಡೂವರೆ, ಚೀಟಿ ಬಂದದ್ದು 13ರದು. ಅದೇ ಎರಡಾಣೆಗೆ ಪಟ್ಟಿ ಕೊಟ್ಟದ್ದು 12!

ಮೋಸ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ಹಳೆಯ ಮತ್ತು ಹೊಸ ನಾಣ್ಯ ಎರಡೂ ಕೆಲವು ವರ್ಷ ಜೊತೆಯಲ್ಲಿ ನಡೆದವು, ಜನ ಹೊಂದಿಕೊಂಡರು. 1964ರಲ್ಲಿ 'ನಯಾ' ಎಂಬ ಮಾತೂ ಬಿದ್ದುಹೋಗಿ ಬರೀ ಪೈಸೆಯಾಯಿತು. ದಶಮಾಂಶ ಪದ್ಧತಿ ಬಂದದ್ದು ಒಳ್ಳೆಯದೇ ಆಯಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ಲೆಕ್ಕವನ್ನು ಇನ್ನೊಂದಕ್ಕೆ ಸಾಗಿಸುವಾಗ ಒಂದಿಷ್ಟು ಚೂರು ಉದುರಿಯೇ ಉದುರುತ್ತದೆ, ಅದು ಸಾಮಾನ್ಯವಾಗಿ ಬಡವನ ಅಂಗಳದಲ್ಲೇ ಉದುರುತ್ತದೆ ಎಂಬುದನ್ನು ಈ ಪಟ್ಟಿ ನಮಗೆ ತೋರಿಸುತ್ತದೆ.

ಇದು ಹಳೆಯ ಕಾಲದ ಮಾತು ಎಂದು ಯಾರೂ ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ (ಹೆಸರು ಬೇಡ) ಪಿಂಚಣಿಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸಿದೆವು. ಹೆಸರು, ಜನ್ಮದಿನಾಂಕ, ಮೊತ್ತ ಎಲ್ಲಕ್ಕೂ ಜಾಗವಿತ್ತು. ಹಳೆಯ ಪುಸ್ತಕದ ಕೊನೆಯಲ್ಲಿದ್ದ 'ಷರಾ' ಕಾಲಮ್ಮಿಗೆ ಮಾತ್ರ ಜಾಗವಿರಲಿಲ್ಲ. ಆರು ತಿಂಗಳಾದ ಮೇಲೆ ಒಬ್ಬ ವೃದ್ಧೆ ಬಂದರು. ಗಂಡನ ಪಿಂಚಣಿ ಅವರಿಗೆ ಬರುತ್ತಿತ್ತು. "ನಾನು ಹೋದಮೇಲೆ ನನ್ನ ಮಗನಿಗೆ ಬರುತ್ತೆ ಅಂತ ಯಜಮಾನರು ಬರೆಸಿದ್ದರು, ಈಗ ಇಲ್ಲ ಅಂತಾರಲ್ಲ ಸ್ವಾಮಿ?" ಎಂದರು. ಜೊತೆಯಲ್ಲಿದ್ದ ಮಗನಿಗೆ ನಲವತ್ತು ದಾಟಿತ್ತು. ತಾಯಿಯ ಸೆರಗು ಹಿಡಿದು ನಿಂತಿದ್ದ. ದುಡಿದು ಬದುಕಲಾರದ ಅಂಗವಿಕಲ ಮಕ್ಕಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಕೊಡಲು ನಿಯಮವಿದೆ. ಯಂತ್ರದಲ್ಲಿ ಆ ಮಗನ ಸುಳಿವೇ ಇಲ್ಲ. ವಿಲೇವಾರಿಗೆಂದು ಕಟ್ಟಿಟ್ಟ ಪುಸ್ತಕಗಳ ರಾಶಿಯನ್ನು ಎರಡು ದಿನ ಹುಡುಕಿದೆ. ಷರಾ ಕಾಲಮ್ಮಿನಲ್ಲಿ ಕೆಂಪು ಮಸಿಯ ಎರಡು ಸಾಲು ಸಿಕ್ಕಿತು, ವೈದ್ಯರ ಸರ್ಟಿಫಿಕೇಟಿನ ನಂಬರು ಸಮೇತ. ಇನ್ನೊಂದು ವಾರವಾಗಿದ್ದರೆ ಆ ಪುಸ್ತಕ ರದ್ದಿಗೆ ಹೋಗುತ್ತಿತ್ತು. ಆ ಪುಸ್ತಕವನ್ನು ಏರಿಸಿದ ಕೈಗಳಲ್ಲಿ ನನ್ನದೂ ಒಂದು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

2025ರ ಆಗಸ್ಟಿನಲ್ಲಿ ನಮ್ಮ ಅಂಚೆ ಇಲಾಖೆಯೂ ದೇಶದಾದ್ಯಂತ ಹೊಸ ತಂತ್ರಾಂಶಕ್ಕೆ ದಾಟಿತು. ಅದನ್ನು ರೂಪಿಸಿದ್ದು ಮೈಸೂರಿನಲ್ಲಿರುವ ಇಲಾಖೆಯದೇ ತಂತ್ರಜ್ಞಾನ ಕೇಂದ್ರ. ಮೊದಲು ಪ್ರಯೋಗಿಸಿ ನೋಡಿದ್ದು ಕರ್ನಾಟಕ ವೃತ್ತದಲ್ಲಿ. ಕನ್ನಡಿಗರಾದ ನಮಗೆ ಇದು ಸಂತೋಷದ ಸಂಗತಿ. ಅದೇ ವರ್ಷ ರಿಜಿಸ್ಟರ್ಡ್ ಅಂಚೆ ಎಂಬ ಹಳೆಯ ಸೇವೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ನಾಸಿಕದ ಚೀಟಿಯಂತೆ ಇಲ್ಲಿಯೂ 'ಸರಕಿನ' ಬಗೆ ಬದಲಾಯಿತು. ಕೌಂಟರಿನ ಈಚೆ ನಿಂತ ಮುದುಕರಿಗೆ ಅದನ್ನು ತಿಳಿಯಹೇಳುವ ಕೆಲಸ ಮತ್ತೆ ಗುಮಾಸ್ತನದೇ.

ಮುಂಬಯಿ ತಲಪಿದ ಮೇಲೆ ಅಳಿಯನಿಗೆ ಫೋನು ಮಾಡಿ ಈ ಕಥೆಗಳನ್ನೆಲ್ಲ ಹೇಳಿದೆ. "ಆ ನಿಯಮಗಳನ್ನು ಬರೆದವರು ರಿಟೈರಾದರು ಎಂದೆಯಲ್ಲ, ಊರು ಬಿಟ್ಟು ಹೋಗಿಲ್ಲ ತಾನೆ? ಒಂದು ಸಲ ಮನೆಗೆ ಹೋಗಿ ಕೇಳು" ಎಂದೆ. ಹೋಗಿದ್ದ. ಸಿಡ್ಕೋದಲ್ಲಿರುವ ಆ ಹಿರಿಯರು ಚಹಾ ಕೊಟ್ಟು, ಮೂರು ಗಂಟೆ ಕೂರಿಸಿಕೊಂಡು, ಒಂದೊಂದು ನಿಯಮದ ಹಿಂದಿನ ಕಾರಣವನ್ನೂ ಹೇಳಿದರಂತೆ. ಹನ್ನೊಂದು ನಿಯಮಗಳು ಇನ್ನು ಬೇಡವೆಂದು ಅವರೇ ಹೊಡೆದುಹಾಕಿಸಿದರು. ಎರಡನ್ನು ಮಾತ್ರ, ಸವಾರನ ಜೀವದ ಪ್ರಶ್ನೆ, ಬಿಡಕೂಡದು ಎಂದರು.

"ಮಾವ, ಆ ಎರಡನ್ನ ನಾವು ಬಿಟ್ಟೇಬಿಟ್ಟಿದ್ವಿ. ನೀವು ಹೇಳಿದ್ದು ಹದಿನಾರಾಣೆ ಸತ್ಯ" ಎಂದ. 2011ರಲ್ಲಿ ನಾಲ್ಕಾಣೆಯ ನಾಣ್ಯದ ಚಲಾವಣೆಯೇ ನಿಂತಿತು. ಆಣೆಯನ್ನು ಆ ಹುಡುಗ ಕಣ್ಣಿಂದ ಕಂಡವನಲ್ಲ. ಮಾತಿನಲ್ಲಿ ಮಾತ್ರ ಹದಿನಾರೂ ಉಳಿದಿವೆ.