ಶೌಚ ತರಬೇತಿ ಸಿದ್ಧತೆ

ಡೈಪರ್ ಅಥವಾ ಲಂಗೋಟಿ ಬಿಟ್ಟು ಪಾಟಿ (ಮಕ್ಕಳ ಶೌಚದ ಪುಟ್ಟ ಆಸನ) ಇಲ್ಲವೆ ಶೌಚಾಲಯ ಬಳಸುವುದನ್ನು ಕಲಿಯಲು ಎಳೆಯ ಮಗು ದೇಹ, ಗ್ರಹಿಕೆ ಮತ್ತು ಮನಸ್ಸಿನಲ್ಲಿ ಅಣಿಯಾಗಿರುವ ಹಂತ. ಇದು ಶಿಶುವೈದ್ಯದ ಪರಿಕಲ್ಪನೆ. ನಿಗದಿತ ವಯಸ್ಸಿಲ್ಲ, ಸಾಮಾನ್ಯವಾಗಿ 18 ತಿಂಗಳಿಂದ 3 ವರ್ಷದೊಳಗೆ ಕಂಡುಬರುತ್ತದೆ.

20ನೆಯ ಶತಮಾನದ ಆರಂಭದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹಸುಗೂಸನ್ನೂ ಗಡಿಯಾರ ನೋಡಿ ಕೂರಿಸುವ ಕಟ್ಟುನಿಟ್ಟಿನ ಕ್ರಮವಿತ್ತು. ಅಮೆರಿಕದ ಶಿಶುವೈದ್ಯ ಟಿ. ಬೆರ್ರಿ ಬ್ರೇಜಲ್ಟನ್ 1962ರಲ್ಲಿ ಮಗುವಿನ ಸಿದ್ಧತೆಯನ್ನೇ ಆಧಾರವಾಗಿಸಿಕೊಂಡ ವಿಧಾನವನ್ನು ಪ್ರಕಟಿಸಿದರು. ಒಂದೇ ದಿನದೊಳಗೆ ಕಲಿಸುವ ತೀವ್ರ ವಿಧಾನವನ್ನು 1970ರ ದಶಕದಲ್ಲಿ ರೂಪಿಸಿದ ಅಜ್ರಿನ್ ಮತ್ತು ಫಾಕ್ಸ್ ಕೂಡ ಸಿದ್ಧತೆಯ ಪರೀಕ್ಷೆಯನ್ನು ಕೈಬಿಡಲಿಲ್ಲ.

ಹಗಲಿನಲ್ಲಿ ಸುಮಾರು 2 ಗಂಟೆ ಬಟ್ಟೆ ಒದ್ದೆಯಾಗದಿರುವುದು ಮೂತ್ರಕೋಶದ ಹಿಡಿತ ಬೆಳೆದಿರುವುದರ ಸೂಚನೆ. ನಡೆದು ಹೋಗಿ ಕೂರುವುದು, ಚಡ್ಡಿ ಜಾರಿಸುವುದು, ಸರಳ ಸೂಚನೆ ಪಾಲಿಸುವುದು, ಒದ್ದೆಯಾದಾಗ ಕಿರಿಕಿರಿಪಡುವುದು ಇತರ ಲಕ್ಷಣಗಳು. ಬಾಗಿಲ ಮರೆಗೆ ಸರಿದು ಕುಕ್ಕರಗಾಲಲ್ಲಿ ಕೂತು ತಿಣುಕುವ ಮಗುವಿಗೆ ಮಲದ ಒತ್ತಡದ ಅರಿವು ಮೂಡಿರುತ್ತದೆ. ಮಾತಿಗಿಂತ ಮೊದಲೇ ಕಾಣುವ ಈ ವರ್ತನೆ ಗಮನಾರ್ಹ. ಎಲ್ಲ ಲಕ್ಷಣಗಳೂ ಒಟ್ಟಿಗೆ ಕೂಡಿಬರಬೇಕೆಂದಿಲ್ಲ.

ಕರ್ನಾಟಕವೂ ಸೇರಿ ಭಾರತದ ಅನೇಕ ಮನೆಗಳಲ್ಲಿ ತಾಯಿ ಅಥವಾ ಅಜ್ಜಿ ಚಾಚಿದ ಪಾದಗಳ ಮೇಲೆ ಕೂಸನ್ನು ಕೂರಿಸಿ 'ಶ್ಶ್' ಎನ್ನುತ್ತ ಮೂತ್ರ ಮಾಡಿಸುವ ರೂಢಿಯಿದೆ. ಇಲ್ಲಿ ಸುಳಿವು ಗ್ರಹಿಸುವವರು ಹಿರಿಯರು. ಮಗುವಿನ ಸ್ವಂತ ಸಿದ್ಧತೆ ಇದರಿಂದ ಬೇರೆ.

ಹೊಸ ತಮ್ಮ-ತಂಗಿಯ ಆಗಮನ, ಮನೆ ಬದಲಾವಣೆ, ಕಾಯಿಲೆಯ ದಿನಗಳಲ್ಲಿ ತರಬೇತಿಯನ್ನು ಮುಂದೂಡುವುದು ವಾಡಿಕೆ. ಒತ್ತಾಯದಿಂದ ಮಗು ಮಲ ತಡೆದುಕೊಂಡು ಮಲಬದ್ಧತೆಗೆ ಒಳಗಾಗಬಹುದು. ರಾತ್ರಿಯ ಹಿಡಿತ ತಡವಾಗಿ ಬರುತ್ತದೆ. 5 ವರ್ಷದವರೆಗೆ ಹಾಸಿಗೆ ಒದ್ದೆ ಮಾಡುವುದನ್ನು ರೋಗವೆಂದು ಪರಿಗಣಿಸುವುದಿಲ್ಲ.