ಮಿದುಳಿನ ಅಪ್ಪಣೆಗೆ ಹೊಸ ದಾರಿ

ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲುಗಳ ಸ್ವಾಧೀನ ತಪ್ಪುತ್ತದೆ. ಪೆಟ್ಟು ಬಿದ್ದಿರುವುದು ಸ್ನಾಯುಗಳಿಗಲ್ಲ, ಮಿದುಳಿಗೂ ಅಲ್ಲ. ಇವೆರಡರ ನಡುವಣ ದಾರಿಗೆ. ಹಾಗಾದರೆ ಮಿದುಳಿನ ಅಪ್ಪಣೆಯನ್ನು ತಲೆಯಲ್ಲೇ ಹಿಡಿದು ಬೇರೊಂದು ದಾರಿಯಿಂದ ಏಕೆ ಕಳುಹಿಸಬಾರದು?

ಇದಕ್ಕೆ ಮೊದಲು ಮಿದುಳಿನ ಭಾಷೆ ಕಿವಿಗೆ ಬೀಳಬೇಕಿತ್ತು. 1924ರಲ್ಲಿ ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಪ್ರಕಟಿಸಿದ್ದು 1929ರಲ್ಲಿ, ಆಗಲೂ ನಂಬಿದವರು ಕಡಿಮೆ. 1969ರಲ್ಲಿ ಅಮೆರಿಕದ ಎಬರ್‌ಹಾರ್ಡ್ ಫೆಟ್ಜ್, ತಿನಿಸಿನ ಆಸೆಗೆ ಕೋತಿಯು ತನ್ನ ಮಿದುಳಿನ ಒಂದೇ ಒಂದು ನರಕೋಶದ ಮಿಡಿತವನ್ನು ಹೆಚ್ಚಿಸಿಕೊಳ್ಳಬಲ್ಲದೆಂದು ತೋರಿಸಿದರು. 1973ರಲ್ಲಿ ಲಾಸ್ ಏಂಜಲಿಸ್‌ನ ಜಾಕ್ ವಿಡಾಲ್ ಈ ವಿದ್ಯೆಗೆ 'ಮಿದುಳು-ಕಂಪ್ಯೂಟರ್ ಸಂಪರ್ಕ' ಎಂಬ ಅರ್ಥದ ಹೆಸರಿಟ್ಟರು.

ಆದರೂ ಒಂದು ಸಂಶಯ ಉಳಿದಿತ್ತು. ವರ್ಷಗಟ್ಟಲೆ ಅಲುಗದ ಕೈಗೆ ಮಿದುಳು ಇನ್ನೂ ಅಪ್ಪಣೆ ಕೊಡುತ್ತಿರುತ್ತದೆಯೇ? 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಜಾನ್ ಡೊನಾಹ್ಯೂ ಅವರ ತಂಡ, ಚೂರಿ ಇರಿತದಿಂದ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಯುವಕನೊಬ್ಬನ ಮಿದುಳಿನಲ್ಲಿ 96 ವಿದ್ಯುದ್ವಾರಗಳ ಪುಟ್ಟ ಫಲಕವನ್ನಿಟ್ಟಿತು. ಗಾಯವಾಗಿ ಮೂರು ವರ್ಷ ಕಳೆದಿತ್ತು. ಕೈ ಆಡಿಸುವುದಾಗಿ ಆತ ಮನಸ್ಸಿನಲ್ಲಿ ಅಂದುಕೊಂಡೊಡನೆ ನರಕೋಶಗಳು ಮಿಡಿದವು! ಕಂಪ್ಯೂಟರ್ ಪರದೆಯ ಮೇಲೆ ಗುರುತು ಸರಿಯಿತು. ಕೃತಕ ಹಸ್ತವೊಂದು ಬಿಚ್ಚಿ ಮುಚ್ಚಿತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು ಇದೇ. ಯಂತ್ರಕ್ಕಿಂತ ದೊಡ್ಡ ಸುದ್ದಿಯೆಂದರೆ, ಅಪ್ಪಣೆ ಸತ್ತಿರಲಿಲ್ಲ.

ಮುಂದೆ 2014ರಲ್ಲಿ ಓಹಿಯೋದ ಪ್ರಯೋಗವೊಂದು ಆ ಅಪ್ಪಣೆಯನ್ನು ಯಂತ್ರಕ್ಕಲ್ಲ, ರೋಗಿಯ ಸ್ವಂತ ಮುಂಗೈಗೇ ತಲುಪಿಸಿತು. ಸಮುದ್ರಕ್ಕೆ ಧುಮುಕಿ ಕತ್ತು ಮುರಿದುಕೊಂಡಿದ್ದ ತರುಣ, ತೋಳಿಗೆ ಸುತ್ತಿದ ವಿದ್ಯುತ್ ಪಟ್ಟಿಯ ನೆರವಿನಿಂದ ಸೀಸೆ ಹಿಡಿದು ಬಗ್ಗಿಸಿದ. ಆದರೆ ಈ ಶಕ್ತಿ ಪ್ರಯೋಗಾಲಯದೊಳಗೆ, ತಲೆಗೆ ಕೇಬಲ್ ಸಿಕ್ಕಿಸಿದಾಗ ಮಾತ್ರ. ಮನೆಯಲ್ಲಿ ಅದೇ ಕೈ ನಿಶ್ಚಲ. 2021ರಲ್ಲಿ ಫಲಕವನ್ನು ತೆಗೆಯಬೇಕಾಯಿತು, ಅದರೊಂದಿಗೆ ಆ ಚಲನೆಯೂ ಹೋಯಿತು. ಪ್ರಯೋಗ ಮುಗಿದ ಮೇಲೆ ರೋಗಿಯ ಹೊಣೆ ಯಾರದು? ಶಸ್ತ್ರಚಿಕಿತ್ಸೆಗೆ ಮೊದಲೇ ಉತ್ತರ ಸಿಗಬೇಕಾದ ಪ್ರಶ್ನೆಯಿದು.

2023ರಲ್ಲಿ ಸ್ವಿಟ್ಜರ್ಲೆಂಡಿನ ಲೊಜಾನ್‌ನಿಂದ ಬಂದ ವರದಿ ಕೊಂಚ ಬೇರೆಯದು. ಗ್ರೆಗ್ವಾರ್ ಕೂರ್ಟೀನ್ ಮತ್ತು ಶಸ್ತ್ರವೈದ್ಯೆ ಜೋಸೆಲಿನ್ ಬ್ಲೋಕ್, 2011ರಲ್ಲಿ ಸೈಕಲ್ ಅಪಘಾತಕ್ಕೀಡಾದ ಡಚ್ ವ್ಯಕ್ತಿಯೊಬ್ಬರ ಮಿದುಳು ಹಾಗೂ ಬೆನ್ನುಹುರಿಯ ನಡುವೆ ನಿಸ್ತಂತು ಸೇತುವೆ ಕಟ್ಟಿದರು. ಆತ ನಡೆದರು, ಮೆಟ್ಟಿಲೂ ಹತ್ತಿದರು. ತರಬೇತಿಯ ನಂತರ ಸಾಧನವನ್ನು ನಿಲ್ಲಿಸಿದಾಗಲೂ ಊರುಗೋಲು ಹಿಡಿದು ಹೆಜ್ಜೆಯಿಟ್ಟರು. ಅವರ ಬೆನ್ನುಹುರಿ ಪೂರ್ತಿ ತುಂಡಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.