ಕಾರಿನ ಎಸಿಯ ಮುಗ್ಗಲು ವಾಸನೆಗೂ ಒಂದು ಚರಿತ್ರೆ ಇದೆ

ಮಳೆಗಾಲದಲ್ಲಿ ಎರಡು ದಿನ ನಿಲ್ಲಿಸಿದ್ದ ಕಾರು ಹತ್ತಿ ಎಸಿ ಹಾಕಿದ ಕೂಡಲೇ ಗಪ್ಪಂತ ಮುಖಕ್ಕೆ ಹೊಡೆಯುತ್ತಲ್ಲ, ಒಣಗದ ಬಟ್ಟೆಯ ಹಾಗೆ, ಒದ್ದೆ ಕಾಲುಚೀಲದ ಹಾಗೆ ಒಂದು ವಾಸನೆ, ಇವತ್ತಿನ ಮಾತು ಅದರದ್ದು. ಹೆಚ್ಚಿನವರು ಏನು ಮಾಡ್ತಾರೆ? ಡ್ಯಾಶ್‌ಬೋರ್ಡ್ ಮೇಲೆ ಸೆಂಟಿನ ಬಾಟಲಿ ಇಡ್ತಾರೆ. ಆಮೇಲೆ ಮಲ್ಲಿಗೆ, ಮುಗ್ಗಲು ಎರಡೂ ಒಟ್ಟಿಗೆ ಬರುತ್ತವೆ.

ಈ ವಾಸನೆಯ ಮೂಲ ಹುಡುಕುತ್ತಾ ಹೋದರೆ ನಾವು ತಲುಪೋದು ಕಾರಿನ ಕಾರ್ಖಾನೆಗಲ್ಲ, ಒಂದು ಮುದ್ರಣಾಲಯಕ್ಕೆ. 1902ನೇ ಇಸವಿ, ನ್ಯೂಯಾರ್ಕಿನ ಬ್ರೂಕ್ಲಿನ್. ಸ್ಯಾಕೆಟ್-ವಿಲ್‌ಹೆಲ್ಮ್ಸ್ ಅನ್ನೋ ಪ್ರೆಸ್ಸಿನಲ್ಲಿ ಬಣ್ಣದ ಮುದ್ರಣ ನಡೀತಾ ಇತ್ತು. ಆದರೆ ಗಾಳಿಯ ತೇವ ಏರಿಳಿದಂತೆ ಕಾಗದವೂ ಹಿಗ್ಗೋದು, ಕುಗ್ಗೋದು. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರ್ತಾ ಇರಲಿಲ್ಲ. ಇದಕ್ಕೆ ಉಪಾಯ ಕಂಡುಹಿಡಿದದ್ದು ವಿಲ್ಲಿಸ್ ಕ್ಯಾರಿಯರ್, 25 ವರ್ಷದ ಎಂಜಿನಿಯರ್. ತಣ್ಣಗಿರುವ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ ಗಾಳಿಯಲ್ಲಿದ್ದ ನೀರು ಕೊಳವೆ ಮೇಲೆ ಹನಿಯಾಗಿ ಇಳಿಯುತ್ತೆ. ಅಂದರೆ ನೋಡಿ, ಆ ಯಂತ್ರ ಹುಟ್ಟಿದ್ದು ಮನುಷ್ಯರನ್ನ ತಂಪಾಗಿಡೋಕೆ ಅಲ್ಲ, ಗಾಳಿಯ ತೇವ ಹಿಡಿತದಲ್ಲಿಡೋಕೆ. ಆ ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ? ನಮ್ಮ ಕಥೆ ಪೂರ್ತಿ ಆ ನೀರಿನದ್ದೇ.

ಕಾರ್ಖಾನೆಯಲ್ಲೇ ಎಸಿ ಅಳವಡಿಸಿ ಮೊದಲು ಮಾರಿದ್ದು ಅಮೆರಿಕದ ಪ್ಯಾಕರ್ಡ್ ಕಂಪನಿ, 1940ರ ಮಾದರಿಯ ಕಾರುಗಳಲ್ಲಿ. ಬೆಲೆ 274 ಡಾಲರ್, ಆ ಕಾಲಕ್ಕೆ ಬಹಳ ದುಬಾರಿ. ತಂಪು ಮಾಡುವ ಸಾಮಾನು ಡಿಕ್ಕಿಯ ಅರ್ಧ ಜಾಗ ತಿಂದುಹಾಕ್ತಿತ್ತು. ಎಸಿ ಸಾಕು ಅನ್ನಿಸಿದರೆ ಏನು ಮಾಡಬೇಕಿತ್ತು ಗೊತ್ತಾ? ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟ್ ಕಳಚಬೇಕಿತ್ತು! 1941ರ ನಂತರ ಪ್ಯಾಕರ್ಡ್ ಅದನ್ನ ಕೈಬಿಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ.

1954ರಲ್ಲಿ ನ್ಯಾಶ್ ಕಂಪನಿಯವರು ಹೀಟರ್, ಎಸಿ ಎರಡನ್ನೂ ಸೇರಿಸಿ ಎಲ್ಲವನ್ನೂ ಕಾರಿನ ಮುಂಭಾಗಕ್ಕೆ ತಂದರು. ಇವತ್ತಿನ ಕಾರುಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿಯವು. ಅನುಕೂಲ ಏನೋ ಆಯ್ತು, ಆದರೆ ನನ್ನ ಪ್ರಕಾರ ವಾಸನೆಯ ತಕರಾರು ಗಟ್ಟಿಯಾಗಿ ಬೇರೂರಿದ್ದೂ ಅಲ್ಲೇ. ನೀರು ಇಳಿಯುವ ಆ ತಣ್ಣನೆ ಭಾಗ, ಅಂದರೆ ಇವ್ಯಾಪೊರೇಟರ್, ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಸೇರಿಬಿಟ್ಟಿತು. ಕೈ ಹೋಗಲ್ಲ, ಬಿಸಿಲು ಬೀಳಲ್ಲ. ಅಲ್ಯುಮಿನಿಯಂ ಪದರಗಳ ಸಂದಿಯಲ್ಲಿ ಇಳಿದ ನೀರು ಒಂದು ಸಣ್ಣ ಕೊಳವೆಯಿಂದ ರಸ್ತೆಗೆ ತೊಟ್ಟಿಕ್ಕುತ್ತೆ. ಬೇಸಿಗೆಯಲ್ಲಿ ಕಾರಿನಡಿ ನೀರು ಕಂಡು ಏನೋ ಸೋರ್ತಿದೆ ಅಂತ ಹೆದರೋರು ಇದ್ದಾರೆ. ಹೆದರಬೇಡಿ, ನೀರು ಹೊರಗೆ ಬರ್ತಿರೋದು ಒಳ್ಳೇದೇ. ಉಳಿದ ತೇವಕ್ಕೆ ಧೂಳು, ಪರಾಗ, ಎಲೆಪುಡಿ ಅಂಟಿಕೊಳ್ಳುತ್ತೆ. ಕಾರು ನಿಲ್ಲಿಸಿದ ಮೇಲೆ ಅದು ನಿಧಾನಕ್ಕೆ ಬೆಚ್ಚಗಾಗುತ್ತೆ. ಬೂಷ್ಟಿಗೆ ಇನ್ನೇನು ಬೇಕು?

1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಿವೃತ್ತ ಸೈನಿಕರ ಸಮಾವೇಶ ನಡೆದಾಗ ವಿಚಿತ್ರ ನ್ಯುಮೋನಿಯಾ ಹರಡಿ 34 ಜನ ಸತ್ತರು. ಮರುವರ್ಷ ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಪತ್ತೆಯಾಯಿತು. ಅನುಮಾನ ಹೋಗಿದ್ದು ಕಟ್ಟಡದ ಎಸಿ ವ್ಯವಸ್ಥೆಯ ನೀರಿನ ಮೇಲೆ. ಕಾರಿನ ಮುಗ್ಗಲು ವಾಸನೆಯನ್ನ ಇದರ ಜೊತೆ ಸೇರಿಸಿ ಭಯ ಹುಟ್ಟಿಸೋದು ಸರಿಯಲ್ಲ. ಆದರೆ ಎಸಿಯ ನೀರು ಅಂದರೆ ಬರೀ ನೀರಲ್ಲ ಅನ್ನೋದು ಜನರಿಗೆ ಗೊತ್ತಾಗಿದ್ದು ಆಗಲೇ. 1997ರಲ್ಲಿ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕಾರುಗಳ ಎಸಿಯನ್ನೇ ಬಿಚ್ಚಿ ನೋಡಿ, ಒಳಗೆ ಪೆನಿಸಿಲಿಯಂ ಜಾತಿಯ ಶಿಲೀಂಧ್ರ ಬೆಳೆದಿದ್ದನ್ನ ವರದಿ ಮಾಡಿದರು. ಮನೆಯಲ್ಲಿ ಆಸ್ತಮಾ, ಅಲರ್ಜಿ ಇರೋರಿದ್ದರೆ ಇದು ಬರೀ ಮೂಗು ಮುಚ್ಚಿಕೊಳ್ಳುವ ವಿಷಯ ಅಲ್ಲ.

ನನ್ನ ಹಳೇ ಕಾರಿಗೆ ಒಂದು ಗ್ಯಾರೇಜಿನಲ್ಲಿ ‘ಎಸಿ ಟ್ರೀಟ್‌ಮೆಂಟ್’ ಅಂತ ದುಡ್ಡು ತಗೊಂಡು, ಕಿಂಡಿಗಳಿಗೆ ನಿಂಬೆ ವಾಸನೆಯ ಸ್ಪ್ರೇ ಹೊಡೆದು ಕಳಿಸಿದ್ದರು. ನಾಲ್ಕೇ ದಿನ. ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಗ್ಲೋವ್ ಬಾಕ್ಸ್ ಬಿಚ್ಚಿ ಕ್ಯಾಬಿನ್ ಫಿಲ್ಟರ್ ಎಳೆದು ತೋರಿಸಿದರು. ಕಪ್ಪಗೆ, ಒದ್ದೆಯಾಗಿ, ಮಧ್ಯೆ ಎರಡು ಕೊಳೆತ ಎಲೆ. ಫಿಲ್ಟರ್ ಬದಲಿಸಿ, ಇವ್ಯಾಪೊರೇಟರಿಗೇ ನೊರೆಯ ಕ್ಲೀನರ್ ಹಾಕಿ, ನೀರು ಹೋಗುವ ಕೊಳವೆ ಬಿಡಿಸಿದ ಮೇಲೆ ವಾಸನೆ ಹೋಯ್ತು. ಕೆಲವು ಹಳೆಯ ಕಾರುಗಳಲ್ಲಿ ಫಿಲ್ಟರೇ ಇರಲ್ಲ, ಮೊದಲು ವಿಚಾರಿಸಿಕೊಳ್ಳಿ. ಕ್ಲೀನರ್ ಹಾಕುವಾಗ ಬಾಗಿಲು ತೆರೆದಿಡಿ.

ಕಂಪನಿಗಳೂ ಸುಮ್ಮನೆ ಕೂತಿಲ್ಲ. ಎಂಜಿನ್ ನಿಂತ ಮೇಲೆ ಫ್ಯಾನ್ ತಾನೇ ಸ್ವಲ್ಪ ಹೊತ್ತು ತಿರುಗಿ ಒಳಭಾಗ ಒಣಗಿಸುವ ವ್ಯವಸ್ಥೆ ಈಗ ಕೆಲವು ಕಾರುಗಳಲ್ಲಿದೆ. ಇಲ್ಲದವರು ಅದನ್ನ ಕೈಯಾರೆ ಮಾಡಬಹುದು: ಮನೆ ಇನ್ನೊಂದೈದು ನಿಮಿಷ ಇದೆ ಅನ್ನುವಾಗ ಎಸಿ ಗುಂಡಿ ಆರಿಸಿ, ಹೊರಗಿನ ಗಾಳಿ ಒಳಗೆ ಬರುವಂತಿಟ್ಟು, ಫ್ಯಾನ್ ಮಾತ್ರ ಜೋರಾಗಿ ಓಡಿಸಿ. ಮುಂದಿನ ಸೀಟಿನ ಕಾಲಡಿ ಮ್ಯಾಟ್ ಒದ್ದೆಯಾಗಿದ್ದರೆ ಕೊಳವೆ ಕಟ್ಟಿಕೊಂಡಿರಬಹುದು. ಇನ್ನು ವಾಸನೆ ಮುಗ್ಗಲಲ್ಲ, ಸಿಹಿ ಸಿಹಿ ಇದೆ, ಗಾಜೂ ಮಂಜಾಗ್ತಿದೆ ಅಂದರೆ ಅದು ಬೇರೆಯೇ ಕಥೆ. ಕೂಲೆಂಟ್ ಸೋರ್ತಿರಬಹುದು, ತಡಮಾಡದೆ ಮೆಕ್ಯಾನಿಕ್ ಹತ್ತಿರ ಹೋಗಿ.